ತಲೆಯೂ ಕುಂಭವೂ: ಪಶ್ಚಿಮ ಆಫ್ರಿಕದ ಬೂರಾ ಮೃಣ್ಮಯ ಶಿಲ್ಪವನ್ನು ಕುರಿತ ಒಂದು ವಿಚಾರ

ಮಣ್ಣಿನಿಂದ ಮನುಷ್ಯನು ಪಾತ್ರೆಯನ್ನೂ ಮಾಡಿದನು, ಪ್ರತಿಮೆಯನ್ನೂ ಮಾಡಿದನು. ಪಾತ್ರೆಯನ್ನು ಕೈಗಾರಿಕೆಯ ಅಧ್ಯಾಯಕ್ಕೆ ಸೇರಿಸುವುದು, ಪ್ರತಿಮೆಯನ್ನು ಕಲೆಯ ಅಧ್ಯಾಯಕ್ಕೆ ಸೇರಿಸುವುದು ನಮ್ಮ ಪುಸ್ತಕಗಳ ವಾಡಿಕೆ. ಕುಂಬಾರನು ಒಂದು ಕಡೆ, ಶಿಲ್ಪಿಯು ಇನ್ನೊಂದು ಕಡೆ. ಪಾಠ ಹೇಳುವವರಿಗೆ ಈ ವಿಂಗಡಣೆ ಅನುಕೂಲವಾದುದೇ ಸರಿ. ಆದರೆ ಇದಕ್ಕೆ ಒಗ್ಗದ ಕೃತಿಗಳು ಲೋಕದಲ್ಲಿ ಉಂಟು. ಅವುಗಳ ಮುಂದೆ ನಿಂತ ವಿಮರ್ಶಕನು ತನ್ನ ಅಳತೆಗೋಲನ್ನು ಬದಲಾಯಿಸಿಕೊಳ್ಳಬೇಕು. ಇಲ್ಲವೇ ಕೃತಿಯನ್ನು ತುಂಡರಿಸಿ ತನ್ನ ಅಳತೆಗೆ ಹೊಂದಿಸಬೇಕು. ಪಶ್ಚಿಮ ಆಫ್ರಿಕದ ಬೂರಾ ಎಂಬಲ್ಲಿ ದೊರೆತ ಸುಟ್ಟ ಮಣ್ಣಿನ ಶವಕುಂಭಗಳ ವಿಷಯದಲ್ಲಿ ನಡೆದುದು ಎರಡನೆಯದು. ಇದು ಅಲಂಕಾರದ ಮಾತಲ್ಲ. ಅನೇಕ ಕಡೆ ನಿಜವಾಗಿಯೇ ತಲೆಯನ್ನು ಇಟ್ಟುಕೊಂಡು ಕುಂಭವನ್ನು ಬಿಟ್ಟಿರುವರು. ಹೀಗೆ ಬಿಟ್ಟುದರಿಂದ ಇತಿಹಾಸಕ್ಕೆ ಆದ ನಷ್ಟವನ್ನು ಪುರಾತತ್ತ್ವಜ್ಞರು ಹೇಳಿದ್ದಾರೆ. ಕಲೆಯ ಆಸ್ವಾದಕ್ಕೇ ಆದ ನಷ್ಟವೇನೆಂಬುದನ್ನು ನಾವು ಇಲ್ಲಿ ವಿಚಾರಿಸಲು ಬಯಸುತ್ತೇವೆ.

ಮೊದಲು ಸ್ಥಳಪರಿಚಯ. ನೈಜರ್ ದೇಶ ಬೇರೆ, ನೈಜೀರಿಯ ದೇಶ ಬೇರೆ. ಒಂದೇ ನದಿಯ ಹೆಸರನ್ನು ಹಂಚಿಕೊಂಡ ನೆರೆಹೊರೆಯ ರಾಜ್ಯಗಳಿವು. ಭೂಗೋಳದ ಉತ್ತರಪತ್ರಿಕೆಗಳಲ್ಲಿ ಇವು ಒಂದಾಗಿಬಿಡುವುದನ್ನು ನಾವು ಪ್ರತಿವರ್ಷವೂ ಕಾಣುತ್ತೇವೆ. ಬೂರಾ ಇರುವುದು ನೈಜರ್ ದೇಶದ ನೈಋತ್ಯ ಭಾಗದಲ್ಲಿ, ತಿಲ್ಲಾಬೆರಿ ಸೀಮೆಯಲ್ಲಿ, ನದಿಯ ಕಣಿವೆಯ ನೆಲದಲ್ಲಿ. ಬೂರಾ ಅಸಿಂದಾ ಸಿಕ್ಕಾ ಎಂಬುದು ಅದರ ಪೂರ್ಣ ನಾಮ. ಈ ಸ್ಥಳವು 1975ರಲ್ಲಿ ಬೆಳಕಿಗೆ ಬಂದಿತು. 1983ರಲ್ಲಿ ನಿಯಾಮೆ ನಗರದ ಮಾನವಿಕ ವಿಜ್ಞಾನಗಳ ಸಂಶೋಧನ ಸಂಸ್ಥೆಯ ವಿದ್ವಾಂಸರಾದ ಬೂಬೆ ಗಾದೊ ಅವರ ನೇತೃತ್ವದಲ್ಲಿ ಉತ್ಖನನ ನಡೆಯಿತು. ಒಂದು ದೊಡ್ಡ ಶ್ಮಶಾನ, ಜನರು ವಾಸವಾಗಿದ್ದ ನೆಲೆ, ಪೂಜಾಸ್ಥಾನ ಇವುಗಳ ಗುರುತು ಅಲ್ಲಿ ದೊರೆತುವು. ಇದೇ ಬಗೆಯ ಕುಂಭಗಳು ಸುತ್ತಣ ಪ್ರದೇಶದಲ್ಲಿಯೂ, ನೆರೆಯ ಬುರ್ಕಿನ ಫಾಸೊ ದೇಶದ ಕಡೆಗೂ ಹಬ್ಬಿರುವುದರಿಂದ ವಿದ್ವಾಂಸರು ಇವನ್ನೆಲ್ಲ ಒಟ್ಟಾಗಿ ಬೂರಾ ಸಂಸ್ಕೃತಿಯೆಂದು ಕರೆದರು. ಇದರ ಕಾಲವನ್ನು ಕ್ರಿ. ಶ. ಮೂರನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಎಂದು ಎಣಿಸುವುದುಂಟು. ನಮ್ಮ ಲೆಕ್ಕಕ್ಕೆ ತಂದು ಹೇಳುವುದಾದರೆ, ಕದಂಬರಿಗಿಂತ ಸ್ವಲ್ಪ ಮೊದಲು ಆರಂಭವಾಗಿ ಹೊಯ್ಸಳರ ಕಾಲದವರೆಗೆ ನಡೆದ ಕಸಬು ಇದು. ಅಷ್ಟು ದೀರ್ಘ ಕಾಲ ನಡೆದುದನ್ನು ಯಾರೋ ಒಬ್ಬ ಕುಶಲಿಯ ಕೈಚಳಕವೆನ್ನಲಾಗದು; ಅದೊಂದು ಪರಂಪರೆ.

ಇನ್ನು ವಸ್ತುವಿನ ವಿಷಯ. ಕುಂಭಗಳಲ್ಲಿ ಕೊಳವೆಯಂತೆ ಉದ್ದವಾದವು ಕೆಲವು, ಮೊಟ್ಟೆಯಾಕಾರದವು ಕೆಲವು, ಅರ್ಧಗೋಲದಂತೆ ತಗ್ಗಾಗಿರುವವು ಕೆಲವು. ಮೈಮೇಲೆ ಹಸಿ ಮಣ್ಣಿಗೆ ಒತ್ತಿದ ಚಿತ್ತಾರ: ಚುಕ್ಕೆಗಳ ಸಾಲು, ಗೀರುಗಳು, ಗುಬುಟುಗಳು. ಹುರಿಹಾಕಿದ ಹಗ್ಗವನ್ನು ಹಸಿ ಮಡಕೆಯ ಮೇಲೆ ಉರುಳಿಸಿ ಚಿತ್ತಾರ ಮೂಡಿಸುವ ಕ್ರಮವು ಪಶ್ಚಿಮ ಆಫ್ರಿಕದಲ್ಲೆಲ್ಲ ಬಹು ಹಳೆಯದು. ಕುಂಭಗಳ ಸಂಗಡ ಮನುಷ್ಯರ ಎಲುಬುಗಳೂ ಕಬ್ಬಿಣದ ಬಾಣದ ಮೊನೆಗಳೂ ದೊರೆತಿವೆ. ಕೆಲವು ಕುಂಭಗಳ ನೆತ್ತಿಯ ಮೇಲೆ ಮನುಷ್ಯನ ತಲೆ ಇದೆ, ಅಥವಾ ನಿಂತ ಮನುಷ್ಯನಿದ್ದಾನೆ, ಅಥವಾ ಕುದುರೆಯೇರಿದ ಸವಾರನಿದ್ದಾನೆ.

ಇಲ್ಲಿ ನೆತ್ತಿ ಎಂದೆವು. ಮಡಕೆಗೆ ನೆತ್ತಿಯುಂಟೆ? ಬಾಯುಂಟು, ಕಂಠವುಂಟು, ಹೊಟ್ಟೆಯುಂಟು, ಬುಡವುಂಟು. ಈ ಪ್ರಶ್ನೆಯಲ್ಲಿಯೇ ಬೂರಾ ಶಿಲ್ಪದ ಮರ್ಮವಿದೆಯೆಂದು ನಮ್ಮ ಭಾವನೆ. ಈ ಕುಂಭಗಳನ್ನು ಬಾಯಿ ಕೆಳಗೆ ಮಾಡಿ, ಬೋರಲಾಗಿ ನೆಲದಲ್ಲಿ ಇಟ್ಟಿದ್ದರು. ಬೋರಲು ಹಾಕಿದ ಕೊಡದ ಮೇಲೆ ನೀರು ಹೊಯ್ದಂತೆ ಎಂದು ನಾವು ಮಂದ ವಿದ್ಯಾರ್ಥಿಯನ್ನು ಕುರಿತು ಹೇಳುತ್ತೇವೆ. ಅಂದರೆ ಬೋರಲಾದ ಪಾತ್ರೆಯೊಳಕ್ಕೆ ಏನೂ ಹೋಗುವುದಿಲ್ಲ. ಬದುಕಿನಲ್ಲಿ ಪಾತ್ರೆಯ ಕೆಲಸವೆಲ್ಲ ಬಾಯಿಯಿಂದ: ತುಂಬುವುದು, ಬಗ್ಗಿಸುವುದು, ಮುಚ್ಚುವುದು. ಬೋರಲಿಟ್ಟ ದಿನವೇ ಆ ಕೆಲಸ ಮುಗಿಯಿತು. ಆಗ ಬುಡವು ಮೇಲಾಯಿತು. ಒಲೆಯ ಮೇಲೆ, ನೆಲದ ಮೇಲೆ ಊರಬೇಕಾಗಿದ್ದ ಭಾಗವು ಆಕಾಶಕ್ಕೆ ತೆರೆದುಕೊಂಡಿತು. ಆ ಬುಡದ ಮೇಲೆಯೇ ಕಲಾಕಾರನು ತಲೆಯನ್ನು ಮೂಡಿಸಿರುವನು. ಪಾತ್ರೆಯ ದೃಷ್ಟಿಯಿಂದ ಯಾರ ಕಣ್ಣಿಗೂ ಬೀಳದ ತಾಣವು ಮನುಷ್ಯನ ದೃಷ್ಟಿಯಿಂದ ಮುಖದ ತಾಣವಾಯಿತು.

ಕೊಳವೆಯಾಕಾರದ ಕುಂಭಗಳಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಮನುಷ್ಯನಿಗೆ ಬೇರೆ ಮೈ ಎಂಬುದೇ ಇಲ್ಲ, ಕುಂಭವೇ ಮೈ. ತಲೆಯು ಕುಂಭಕ್ಕೆ ಅಂಟಿಸಿದ ಅಲಂಕಾರವೆಂದು ಎಣಿಸಿದವನು ಶಿಲ್ಪದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಪೀಠವೆಂದು ತಪ್ಪು ತಿಳಿದಂತಾಯಿತು. ಆ ಮೈಯ ಕೆಳತುದಿ ತೆರೆದಿದೆ, ಮಣ್ಣಿನೊಳಕ್ಕೆ ತೆರೆದಿದೆ. ಸತ್ತವನು ಕೆಳಗೆ, ಮುಖವು ಮೇಲೆ, ನಡುವೆ ಟೊಳ್ಳು. ಆ ಟೊಳ್ಳನ್ನು ಒಳಗೊಂಡ ಆಕೃತಿಯೇ ಈ ಕಲೆಯ ಏಕಮಾನವೆಂದು ಹೇಳಬೇಕು. ಕಲ್ಲಿನಲ್ಲಿ ಕಡೆದ ಪ್ರತಿಮೆಯು ಒಳಗೆಲ್ಲ ತುಂಬಿದ್ದು. ಅದರ ಅರ್ಥವೆಲ್ಲ ಹೊರಮೈಯಲ್ಲಿರುವುದು ನ್ಯಾಯ. ಕುಂಭಶಿಲ್ಪಕ್ಕೆ ಒಳಮೈಯೂ ಉಂಟು.

ಮುಖದ ಮಾತಿಗೆ ಬರೋಣ. ಏಕೆಂದರೆ ಜಗತ್ತಿನಲ್ಲಿ ಬೂರಾ ಹೆಸರಾಗಿರುವುದು ಮುಖಗಳಿಂದ. ಅನೇಕ ಮುಖಗಳು ಹಲಗೆಯಂತೆ ಚಪ್ಪಟೆ. ಕೆಲವು ಹೆಚ್ಚುಕಡಿಮೆ ಚೌಕ. ಮೂಗು ಎಂದರೆ ಹಣೆಯಿಂದ ಇಳಿದ ಒಂದು ಏಣು. ಕಣ್ಣುಗಳು ಕಾಫಿಯ ಬೀಜದಂತೆ ನಡುವೆ ಸೀಳಿದ ಎರಡು ಉಬ್ಬು. ಬಾಯಿ ಒಂದು ಗೀಟು. ಹಣೆಯ ಮೇಲೂ ಕೆನ್ನೆಯ ಮೇಲೂ ಗೀರುಗಳ ಜಾಲ. ಚರ್ಮದ ಮೇಲೆ ಕೊಯ್ದು ಮಾಡಿಕೊಂಡ ಕುಲದ ಗುರುತುಗಳನ್ನು ಅವು ಸೂಚಿಸುವಂತೆ ಕಾಣುವುವು. ಒಂದನೆಯ ತರಗತಿಯ ಹುಡುಗನು ಸ್ಲೇಟಿನ ಮೇಲೆ ಬರೆದ ಮುಖದಂತಿದೆಯೆಂದು ನಮ್ಮ ಸಹೋದ್ಯೋಗಿಯೊಬ್ಬರು ಚಿತ್ರವನ್ನು ನೋಡಿ ನಕ್ಕರು. ಇನ್ನೊಂದು ಕಡೆ, ಪಶ್ಚಿಮದ ಮಾರಾಟದ ಪಟ್ಟಿಗಳಲ್ಲಿ ಇದೇ ಮುಖವನ್ನು ಪಿಕಾಸೊ, ಕ್ಲೇ ಮುಂತಾದವರ ಚಿತ್ರಗಳ ಪಕ್ಕದಲ್ಲಿಟ್ಟು ಹೊಗಳುವರು. ನಗುವವರೂ ಹೊಗಳುವವರೂ ಮಾಡುವ ತಪ್ಪು ಒಂದೇ ಎಂದು ತೋರುತ್ತದೆ. ಇಬ್ಬರೂ ಮುಖವನ್ನು ಕಾಗದದ ಮೇಲಿನ ಚಿತ್ರದಂತೆ ಓದುತ್ತಿದ್ದಾರೆ.

ಹೋಲಿಕೆಯ ವಿಷಯದಲ್ಲಿ ಒಂದು ಮಾತು. ಕ್ಲೇ ತೀರಿಕೊಂಡುದು 1940ರಲ್ಲಿ, ಪಿಕಾಸೊ 1973ರಲ್ಲಿ. ಬೂರಾ ಕಂಡುದು 1975ರಲ್ಲಿ. ಆದುದರಿಂದ ಅವರು ಇವನ್ನು ನೋಡಿ ಕಲಿತರೆಂಬ ಪ್ರಶ್ನೆಯೇ ಏಳುವುದಿಲ್ಲ. ಬೇರೆ ಆಫ್ರಿಕದ ಮುಖವಾಡಗಳನ್ನು ಪಿಕಾಸೊ 1907ರಲ್ಲಿ ಪ್ಯಾರಿಸ್ಸಿನ ತ್ರೊಕಾದೆರೊ ಸಂಗ್ರಹಾಲಯದಲ್ಲಿ ನೋಡಿ ಬೆರಗಾದುದು ಬೇರೆಯ ಕಥೆ. ಹೋಲಿಕೆಯಿಂದ ಹೊಸಬರಿಗೆ ಪ್ರವೇಶ ದೊರೆಯಬಹುದು. ಆದರೆ ಒಳಗೆ ಹೋದ ಮೇಲೂ ಅದನ್ನೇ ಹಿಡಿದುಕೊಂಡರೆ ಬೂರಾದ ಕುಂಬಾರನು ಐರೋಪ್ಯ ಚಿತ್ರಕಾರನ ಪೂರ್ವಿಕನಾಗಿ ಮಾತ್ರ ಉಳಿದಾನು. ಹೊಗಳಿಕೆಯ ವೇಷದ ಅನ್ಯಾಯವಿದು.

ಚಪ್ಪಟೆತನಕ್ಕೆ ಕಾರಣವನ್ನು ಕಸಬಿನಲ್ಲಿ ಹುಡುಕಬೇಕು. ಆ ನಾಡಿನ ಹಳೆಯ ಕುಂಬಾರಿಕೆಯಲ್ಲಿ ತಿಗರಿಯಿಲ್ಲ. ಎಲ್ಲವೂ ಕೈಯಿಂದ ಕಟ್ಟಿದುದು. ಸುಡುವುದು ಬಯಲ ಬೆಂಕಿಯಲ್ಲಿ. ತೆಳು ಮಣ್ಣೂ ದಪ್ಪ ಮಣ್ಣೂ ಒಂದೇ ವಸ್ತುವಿನಲ್ಲಿ ಕೂಡಿದರೆ ಎರಡೂ ಒಂದೇ ವೇಗದಲ್ಲಿ ಆರುವುದಿಲ್ಲ, ಒಂದೇ ವೇಗದಲ್ಲಿ ಕಾಯುವುದಿಲ್ಲ; ದಪ್ಪ ಮಣ್ಣಿನೊಳಗೆ ಉಳಿದ ತೇವವು ಆವಿಯಾಗಿ ವಸ್ತುವನ್ನು ಸಿಡಿಸುವುದು. ಇದು ನಮ್ಮೂರ ಕುಂಬಾರರಿಗೆ ಪಾಠ ಹೇಳದೆ ತಿಳಿದ ವಿಷಯ. ಗಟ್ಟಿಯಾದ ಗುಂಡುತಲೆಯನ್ನು ಟೊಳ್ಳು ಕುಂಭದ ಮೇಲೆ ಕೂಡಿಸುವುದು ಅಪಾಯ. ಹಲಗೆಯಂತಹ ಮುಖವಾದರೆ ಕುಂಭದ ಗೋಡೆಯ ದಪ್ಪಕ್ಕೆ ಹೊಂದುವುದು. ಹೀಗೆ ಕಸಬಿನ ನಿರ್ಬಂಧದಿಂದ ಹುಟ್ಟಿದ ಆಕಾರವನ್ನೇ ಕಲಾಕಾರನು ತನ್ನ ಭಾಷೆಯನ್ನಾಗಿ ಮಾಡಿಕೊಂಡನೆಂದು ನಮಗೆ ಅನಿಸುತ್ತದೆ. ಛಂದಸ್ಸಿನ ಕಟ್ಟು ಕವಿಗೆ ಮಾಡುವ ಉಪಕಾರವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಮುಖದ ಮೇಲಿನ ಗೀರುಗಳೂ ಕುಂಭದ ಮೈಮೇಲಿನ ಚಿತ್ತಾರಗಳೂ ಒಂದೇ ಕುಲದವು. ಮಡಕೆಗೆ ಚಿತ್ತಾರ ಹಾಕಿದ ಕಡ್ಡಿಯೇ ಮನುಷ್ಯನಿಗೂ ಗುರುತು ಹಾಕಿದೆ. ತಲೆಯನ್ನು ಮುರಿದು ಬೇರೆ ಮಾಡಿದರೆ ಈ ಸಂಬಂಧ ಕಾಣದು. ಆಗ ಗೀರುಗಳು ವಿಚಿತ್ರವಾದ ಮುಖಸುಕ್ಕುಗಳಂತೆ ಉಳಿಯುವುವು.

ಅಶಕ್ತಿಯಿಂದ ಬಿಟ್ಟುದಲ್ಲ ಎಂಬುದಕ್ಕೆ ಸವಾರನ ಶಿಲ್ಪವು ಸಾಕ್ಷಿ. ಕುದುರೆಯ ಮೈ ಕೂಡ ಕೊಳವೆಯೇ, ಕತ್ತೂ ಕೊಳವೆಯೇ. ಪ್ರಾಣಿಯ ಮಾಂಸಖಂಡಗಳ ಗೊಡವೆಗೆ ಕಲಾಕಾರನು ಹೋಗಿಲ್ಲ. ಆದರೆ ಲಗಾಮು, ಮುಖಪಟ್ಟಿ, ಕೊರಳ ಸಾಮಾನು ಇವುಗಳ ಮುಂದೆ ಅವನ ಕೈ ನಿಧಾನವಾಗುತ್ತದೆ. ಪಟ್ಟಿ ಪಟ್ಟಿಯಾಗಿ ಕೂಡಿಸುತ್ತಾನೆ. ಸವಾರನ ತೋಳಿಗೆ ಸಾಲು ಬಳೆಗಳು, ಎದೆಗೆ ಅಡ್ಡಪಟ್ಟಿ. ಸವಾರ ದೊಡ್ಡವನು, ಕುದುರೆ ಚಿಕ್ಕದು. ಕಣ್ಣಳತೆಗೆ ಇದು ತಪ್ಪು, ಮಾನದ ಅಳತೆಗೆ ಸರಿ. ಆ ಹುಲ್ಲುಗಾವಲಿನ ಸೀಮೆಯಲ್ಲಿ ಕುದುರೆಯನ್ನು ಸಾಕುವುದು ಸುಲಭದ ಮಾತಲ್ಲ. ಕುದುರೆಯೇರಿದವನೆಂದರೆ ಅಧಿಕಾರ ಉಳ್ಳವನು. ಸತ್ತವನನ್ನು ಕುರಿತು ಮುಂದಿನವರು ಏನನ್ನು ಮರೆಯಬಾರದೋ ಅದನ್ನು ವಿವರವಾಗಿಯೂ, ಮಿಕ್ಕುದನ್ನು ಸಂಕ್ಷೇಪವಾಗಿಯೂ ಹೇಳಿರುವರು. ನಮ್ಮ ವೀರಗಲ್ಲುಗಳಲ್ಲಿ ಕತ್ತಿ, ಗುರಾಣಿ, ಕುದುರೆಯ ಜೀನುಗಳನ್ನು ಸ್ಪಷ್ಟವಾಗಿ ಕೊರೆದು ವೀರನ ಮುಖವನ್ನು ಒಂದೇ ಅಚ್ಚಿನಲ್ಲಿ ತೆಗೆದಂತೆ ಬಿಟ್ಟಿರುವುದನ್ನು ನೋಡಿದವರು ಈ ನ್ಯಾಯವನ್ನು ಬೇಗನೆ ಗ್ರಹಿಸಿಯಾರು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಪಶ್ಚಿಮ ಆಫ್ರಿಕದ ಹಳೆಯ ಮಣ್ಣಿನ ಬೊಂಬೆಯನ್ನೆಲ್ಲ ಶ್ಮಶಾನಶಿಲ್ಪವೆಂದು ಕರೆಯುವ ಅಭ್ಯಾಸವೊಂದು ಬೆಳೆದಿದೆ. ಸಮಾಧಿಯ ಹೆಸರು ಹೇಳಿದರೆ ವಸ್ತುವಿಗೆ ಗಾಂಭೀರ್ಯ ಬರುವುದೆಂದೋ ಏನೋ. ಮಾಲಿ ದೇಶದ ಜೆನ್ನೆ ಜೆನೊ ದಿಬ್ಬದಲ್ಲಿ ಮೆಕಿಂತಾಷ್ ದಂಪತಿಗಳು 1977ರಲ್ಲಿಯೂ 1981ರಲ್ಲಿಯೂ ಅಗೆದಾಗ ಬೊಂಬೆಗಳು ಮನೆಗಳ ನೆಲದಲ್ಲಿ, ಗೋಡೆಯ ಬಳಿ ದೊರೆತುವು. ಅವು ಮನೆಯವರ ಬೊಂಬೆಗಳು. ಘಾನ ದೇಶದ ಉತ್ತರದಲ್ಲಿರುವ ಕೋಮಾ ಸೀಮೆಯ ದಿಬ್ಬಗಳನ್ನು 1985ರಿಂದ ಜೇಮ್ಸ್ ಅಂಕ್ವಾಂಡಾ ಅವರು ಅಗೆದು ಸಮಾಧಿಗಳೆಂದು ಬಗೆದರು. ಆಮೇಲೆ ಬಂದ ಕಾಂಕ್‌ಪೆಯೆಂಗ್, ಇನ್ಸಾಲ್ ಎಂಬ ವಿದ್ವಾಂಸರು ಅವನ್ನು ಪೂಜಾಸ್ಥಾನಗಳೆಂದು ಓದಿದರು. ಆಸ್ಪತ್ರೆಗಳಲ್ಲಿ ಬಳಸುವ ಕಿರಣಯಂತ್ರದಲ್ಲಿ ಕೋಮಾ ಬೊಂಬೆಗಳನ್ನಿಟ್ಟು ನೋಡಿದಾಗ ತಲೆಯೊಳಗೆ, ಮೈಯೊಳಗೆ ಸಣ್ಣ ಕೊಳವೆಗಳಂತಹ ಪೊಳ್ಳುಗಳು ಕಂಡುವು. ದ್ರವವನ್ನು ಹೊಯ್ಯಲು ಮಾಡಿದುವೆಂದು ಊಹೆ. ನೋಡಿರಿ, ಅಲ್ಲಿಯೂ ಬೊಂಬೆಯ ಜೀವಾಳ ಒಳಗಿನ ಪೊಳ್ಳು. ಗಾಜಿನ ಪೆಟ್ಟಿಗೆಯ ಹೊರಗೆ ನಿಂತವನಿಗೆ ಅದು ಎಂದಿಗೂ ಕಾಣದು.

ನೋಕ್ ಶಿಲ್ಪಗಳ ವಿಷಯ ನೈಜೀರಿಯಕ್ಕೆ ಸೇರಿದುದು, ಕಾಲವೂ ಬಹು ಹಿಂದಿನದು, ಕ್ರಿಸ್ತಪೂರ್ವದ್ದು. ಜೆಮಾ ಎಂಬಲ್ಲಿ ತವರದ ಗಣಿಯಲ್ಲಿ ದೊರೆತ ತಲೆಯೊಂದು ಗೆಣಸಿನ ಹೊಲದಲ್ಲಿ ಬೆದರುಬೊಂಬೆಯಾಗಿ ನಿಂತಿದ್ದುದನ್ನು, 1943ರಲ್ಲಿ ಅದು ಬರ್ನಾರ್ಡ್ ಫ್ಯಾಗ್ ಅವರ ಕೈಗೆ ಬಂದುದನ್ನು ಕಲಾಪುಸ್ತಕಗಳಲ್ಲಿ ಸ್ವಾರಸ್ಯವಾಗಿ ಹೇಳುವರು. ಹೊಲದ ಒಡೆಯನು ಆ ತಲೆಗೆ ಒಂದು ಕೋಲಿನ ಮೈಯನ್ನಾದರೂ ಕೊಟ್ಟಿದ್ದನು! 2005ರಿಂದ ಫ್ರಾಂಕ್‌ಫರ್ಟ್ ವಿಶ್ವವಿದ್ಯಾನಿಲಯದ ಪೀಟರ್ ಬ್ರೊಯ್ನಿಗ್ ಅವರ ತಂಡ ನಡೆಸಿದ ಉತ್ಖನನಗಳಲ್ಲಿ ಕೆಲವು ಕಡೆ ಕಲ್ಲುಗಳ ಜೋಡಣೆಯೂ ಕುಂಭಗಳೂ ಶಿಲ್ಪದ ತುಂಡುಗಳೂ ಒಟ್ಟಿಗೆ ದೊರೆತು, ಅವು ಸಮಾಧಿಗಳಾಗಿರಬೇಕೆಂಬ ಅಭಿಪ್ರಾಯಕ್ಕೆ ಬಲ ಬಂದಿತು. ಹುಳಿಮಣ್ಣಿನಲ್ಲಿ ಎಲುಬುಗಳು ಕರಗಿಹೋಗಿದ್ದುವು. ನೆಲವನ್ನು ನಿಧಾನವಾಗಿ ಓದಿದವರಿಗೆ ಮಾತ್ರ ತಿಳಿಯಬಹುದಾದ ಸಂಗತಿಯಿದು.

ಮರಣಶಿಲ್ಪದಲ್ಲಿ ಕುಂಭವೂ ಮುಖವೂ ಅಗಲಲಾರವೆಂಬುದಕ್ಕೆ ಈಚಿನ ಉದಾಹರಣೆಯನ್ನು ಅಕಾನ್ ಜನರಲ್ಲಿ ನೋಡಬಹುದು. ಈಗಿನ ಘಾನದ ಕರಾವಳಿಯಲ್ಲಿ ದೊರೆಗಳ ಸಮಾಧಿಯ ಬಳಿ ಮಣ್ಣಿನ ಪ್ರತಿಮೆಗಳಿರುವುದನ್ನು ಡಚ್ಚರ ಪೀಟರ್ ದ ಮರೀಸ್ 1602ರಲ್ಲಿಯೇ ಬರೆದಿರುವನು. ಸತ್ತ ಅರಸರ, ರಾಜಮಾತೆಯರ ತಲೆಗಳನ್ನು ವಯಸ್ಸಾದ ಕುಂಬಾರಗಿತ್ತಿಯರು ಮಾಡುತ್ತಿದ್ದರು. ಅವನ್ನು ಇಡುತ್ತಿದ್ದ ಜಾಗಕ್ಕೆ ಕುಂಭಗಳ ತಾಣವೆಂಬ ಅರ್ಥದ ಹೆಸರು. ಬಂಧುಗಳು ಬೋಳಿಸಿಕೊಂಡ ಕೂದಲನ್ನು ಕುಲದ ಕುಂಭದಲ್ಲಿ ಹಾಕುವ ಪದ್ಧತಿಯಿತ್ತು. ಮುಖವು ನಿರ್ವಿಕಾರ, ಶಾಂತ. ಯಾರದೆಂದು ತಿಳಿಯಬೇಕಾದರೆ ಕೇಶಾಲಂಕಾರವನ್ನೂ ಗುರುತುಗಳನ್ನೂ ನೋಡಬೇಕು. ತಲೆಯಷ್ಟೆ ಮಾರಾಟಕ್ಕೆ ಬಂದರೆ ಕೂದಲಿನ ಕುಂಭದ ಮಾತು ಯಾರಿಗೆ ನೆನಪಾದೀತು?

ನೀಲಗಿರಿಯಲ್ಲಿ ನೆಲೆಸಿದ ಕನ್ನಡ ಬಂಧುಗಳಿಗೆ ಇಂತಹ ವಸ್ತುಗಳು ತೀರ ಅಪರಿಚಿತವಾಗಲಾರವು. ಅಲ್ಲಿಯ ಬೆಟ್ಟಗಳ ನೆತ್ತಿಯ ಕಲ್ಗುಪ್ಪೆಗಳನ್ನು ತೆರೆಸಿ ನೋಡಿದವರಲ್ಲಿ ನೀಲಗಿರಿಯ ಮೊದಲ ಕಮಿಷನರ್ ಬ್ರೀಕ್ಸ್ ಒಬ್ಬನು. ಅವನು ತೀರಿಕೊಂಡ ಮೇಲೆ 1873ರಲ್ಲಿ ಅವನ ಗ್ರಂಥ ಹೊರಬಂದಿತು. ಬೂದಿ ಎಲುಬುಗಳಿದ್ದ ಎತ್ತರವಾದ, ಅಂತಸ್ತು ಅಂತಸ್ತಾದ ಕುಂಭಗಳು, ಅವುಗಳ ಮುಚ್ಚಳದ ಮೇಲೆ ಎಮ್ಮೆ, ಇತರ ಪ್ರಾಣಿಗಳು, ಮನುಷ್ಯರು, ಸವಾರರು. ಈ ಸಂಗ್ರಹದ ಬಹುಭಾಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಆ ನಾಡಿಗೂ ಈ ನಾಡಿಗೂ ಸಂಬಂಧ ಕಲ್ಪಿಸುವ ಸಾಹಸಕ್ಕೆ ನಾವು ಹೋಗುವುದಿಲ್ಲ. ಹಾಗೆ ಕಲ್ಪಿಸುವವರ ಲೇಖನಗಳನ್ನು ಓದಿ ದಣಿದಿದ್ದೇವೆ. ವ್ಯತ್ಯಾಸವೇ ಹೆಚ್ಚು ಬೋಧಪ್ರದ. ನೀಲಗಿರಿಯಲ್ಲಿ ಪ್ರತಿಮೆ ಇರುವುದು ಮುಚ್ಚಳದ ಮೇಲೆ. ಎತ್ತಿದರೆ ಬರುವುದು, ಮುಚ್ಚಿದರೆ ಕೂಡುವುದು. ಅಲ್ಲಿ ಕುಂಭವು ಇನ್ನೂ ಪಾತ್ರೆಯಾಗಿಯೇ ಇದೆ. ಬೂರಾದಲ್ಲಿ ಎತ್ತುವ ಮುಚ್ಚಳವೆಂಬುದಿಲ್ಲ. ಮುಖವನ್ನು ಎತ್ತಬೇಕಾದರೆ ಕುಂಭವೇ ಏಳಬೇಕು, ಕುಂಭ ಎದ್ದರೆ ಸಮಾಧಿಯೇ ತೆರೆಯಬೇಕು.

ತೆರೆದರು. 1993ರಲ್ಲಿ ಪ್ಯಾರಿಸ್ಸಿನಲ್ಲಿ ನೈಜರ್ ಕಣಿವೆಗಳ ಪ್ರದರ್ಶನ ಆರಂಭವಾಗಿ ಬೂರಾದ ಕೃತಿಗಳು ಲೋಕದ ಕಣ್ಣಿಗೆ ಬಿದ್ದುವು. ಪ್ರದರ್ಶನ ಮಾಡಿದವರ ಉದ್ದೇಶ ಜ್ಞಾನಪ್ರಸಾರ. ಆದರೆ ವಿದ್ಯಾವಂತರು ನೋಡಿದುದನ್ನು ವ್ಯಾಪಾರಿಗಳೂ ನೋಡಿದರು. ಆಮೇಲಿನ ವರ್ಷಗಳಲ್ಲಿ ಆ ಸೀಮೆಯ ದಿಬ್ಬಗಳನ್ನು ಕದ್ದು ಅಗೆಯುವುದು ವಿಪರೀತವಾಯಿತು. 2000ದಲ್ಲಿ ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ಮಂಡಲಿಯು ಆಫ್ರಿಕದ ಅಪಾಯದಲ್ಲಿರುವ ಪ್ರಾಚೀನ ವಸ್ತುಗಳ ಕೆಂಪುಪಟ್ಟಿಯನ್ನು ಪ್ರಕಟಿಸಿದಾಗ ನೋಕ್, ಇಫೆ, ಕೋಮಾಗಳೊಡನೆ ಬೂರಾದ ಹೆಸರನ್ನೂ ಸೇರಿಸಬೇಕಾಯಿತು. ಅದೇ ವರ್ಷ ಪ್ಯಾರಿಸ್ಸಿನ ಲೂವ್ರ್ ಅರಮನೆಯಲ್ಲಿ ತೆರೆದ ಹೊಸ ವಿಭಾಗದಲ್ಲಿ ನೋಕ್ ಶಿಲ್ಪಗಳು ಕಾಣಿಸಿಕೊಂಡು ವಿವಾದವೆದ್ದಿತು. 2002ರ ಒಪ್ಪಂದದಲ್ಲಿ ಅವು ನೈಜೀರಿಯದ ಸ್ವತ್ತೆಂದು ಒಪ್ಪಿ, 25 ವರ್ಷಗಳ ಎರವಲಾಗಿ ಅಲ್ಲಿಯೇ ಉಳಿಸಿಕೊಂಡರು. ಎರವಲಿನ ಕಾಗದವನ್ನು ವಸ್ತು ಬಂದ ಮೇಲೆ ಬರೆಯುವ ಕ್ರಮ ನಮ್ಮ ಶಾಲೆಯ ಪುಸ್ತಕಭಂಡಾರದಲ್ಲಿ ನಡೆಯದು.

ಕಳ್ಳಅಗೆತದ ಹಿಂದೆಯೇ ಖೋಟಾ ಬಂದಿತು. ಮಣ್ಣನ್ನು ಕಡೆಯ ಸಲ ಎಂದು ಸುಟ್ಟರೆಂಬುದನ್ನು ಉಷ್ಣದೀಪ್ತಿ ಎಂಬ ಪರೀಕ್ಷೆಯಿಂದ ತಿಳಿಯಬಹುದು. ಆದರೆ ಪರೀಕ್ಷೆ ನಡೆಯುವುದು ಕೊರೆದು ತೆಗೆದ ಚಿಟಿಕೆ ಪುಡಿಯ ಮೇಲೆ. ನಿಜವಾದ ಹಳೆಯ ಚೂರುಗಳನ್ನು ಅಲ್ಲಲ್ಲಿ ಕೂಡಿಸಿ ಹೊಸ ಬೊಂಬೆ ಕಟ್ಟಿದರೆ ಪುಡಿ ಹಳೆಯದೆಂದೇ ಸಾಕ್ಷಿ ಹೇಳುವುದು. ಹಳೆಯ ಕುಂಭವನ್ನು ಪುಡಿಮಾಡಿ ಹೊಸ ತಲೆ ಮಾಡಬಹುದಾದಷ್ಟು ತಲೆಗೆ ಬೆಲೆ, ಕುಂಭಕ್ಕೆ ಬೆಲೆಯಿಲ್ಲ. ಪಾತ್ರೆಯು ಕೈಗಾರಿಕೆ, ಪ್ರತಿಮೆಯು ಕಲೆ ಎಂಬ ನಿರಪಾಯವಾದ ಪಾಠವು ಪೇಟೆಗೆ ಹೋಗಿ ಹೀಗೆ ಫಲಿಸಿತು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ಸುಂದರವಾದುದು ಎಲ್ಲಿಟ್ಟರೂ ಸುಂದರ; ದೇವಾಲಯದಿಂದ ತಂದ ವಿಗ್ರಹವನ್ನು ಸಂಗ್ರಹಾಲಯದಲ್ಲಿ ನೋಡಿ ನಾವು ಸಂತೋಷಪಡುವುದಿಲ್ಲವೆ, ಎಂದು. ಪಡುತ್ತೇವೆ. ಆ ಸಂತೋಷ ಸುಳ್ಳೆಂದು ಹೇಳಲಾರೆವು. ಬೂರಾದ ಒಂಟಿತಲೆಯಲ್ಲಿಯೂ ಒಂದು ಸೊಗಸಿದೆ. ಆ ಸೀಳುಗಣ್ಣಿನ ಮೌನ ಚಿತ್ರದಲ್ಲಿ ನೋಡಿದವರನ್ನೂ ಹಿಡಿಯುತ್ತದೆ. ಆದರೆ ವಿಗ್ರಹವು ಗರ್ಭಗುಡಿಯಿಂದ ಬಂದರೂ ಪೂರ್ಣವಾಗಿ ಬರುತ್ತದೆ. ಇದು ಅಲ್ಲಮಟ್ಟಿಗೆ ಪೂರ್ಣವಲ್ಲ; ಸಮಾಸದ ಉತ್ತರಪದವನ್ನು ಮಾತ್ರ ಓದಿ ಅರ್ಥ ಹೇಳಿದಂತೆ. ಕುಂಭದೊಡನೆ ಇಟ್ಟ ಕೃತಿಗಳನ್ನೂ ಸಂಗ್ರಹಾಲಯಗಳು ಕಣ್ಣಿನ ಮಟ್ಟಕ್ಕೆ ಏರಿಸಿ ಇಡುತ್ತವೆ. ಮುಖಕ್ಕೆ ಮುಖ ಕೊಟ್ಟು ನೋಡುವ ಏರ್ಪಾಡು ಅದು. ಇದ್ದ ನೆಲದಲ್ಲಿ ನೋಡುವವನು ಎದ್ದು ನಿಂತಿರುತ್ತಿದ್ದನು, ಮುಖವು ಅವನ ಮೊಣಕಾಲಿನ ಆಸುಪಾಸಿನಲ್ಲಿ ಇರುತ್ತಿತ್ತು. ಸತ್ತವರ ಮುಖ ನೋಡಬೇಕಾದರೆ ಬಗ್ಗಬೇಕಾಗಿತ್ತು.

ಉತ್ಖನನದ ಕಾಲದಲ್ಲಿ ಬೂರಾದ ನೆಲವು ಕಂಡ ಬಗೆ ಬೇರೆ. ಮಣ್ಣು ಸರಿಸಿದ ಕಡೆ ಕುಂಭಗಳು ಒತ್ತೊತ್ತಾಗಿ, ಒಂದಕ್ಕೊಂದು ತಾಗಿಕೊಂಡಂತೆ, ಕೆಲವು ನೆಟ್ಟಗೆ, ಕೆಲವು ವಾಲಿಕೊಂಡು ನಿಂತಿದ್ದುವು. ಅವುಗಳಲ್ಲಿ ತಲೆಯಿದ್ದುವು ಕೆಲವೇ. ಮಿಕ್ಕುವೆಲ್ಲ ಬರಿಯ ಕುಂಭಗಳು, ಬುಡ ಮೇಲಾಗಿ, ಮೈತುಂಬ ಚಿತ್ತಾರ ಹೊತ್ತುಕೊಂಡು.